ಯಾರ ಪಾಳಿಯೋ ಅವರದೇ ಮಾತು

ಸಾಕಾಗಿತ್ತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಉದಗೀರಿನಲ್ಲಿ ನಮ್ಮ ಓಣಿಯ ಹಿಂದಿರುವ ತುಂಡು ಜಾಗದಲ್ಲಿ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಕಾಯಿಪಲ್ಯ ಬೆಳೆದು ಬೆಳೆದು ನನ್ನ ಮೊಣಕಾಲು ಸೋತಿದ್ದವು, ಗಂಟಲು ಸೋತಿತ್ತು, ಅವೆರಡಕ್ಕಿಂತ ಮೊದಲೇ ಮನಸ್ಸು ಸೋತಿತ್ತು. ನಳ ಬಂದ ದಿನ ಓಡಿ ಹೋಗಿ ಡ್ರಮ್ಮು ತುಂಬಿಸಬೇಕು. ಎಷ್ಟು ಅಗೆದರೂ ಮಣ್ಣಿನಲ್ಲಿ ಸಿಗುತ್ತಲೇ ಇರುವ ಗಾಜಿನ ಚೂರು ಆರಿಸಬೇಕು. ಮೊಬೈಲು ಹಿಡಿದು ನಿಂತಲ್ಲೇ ನಿಂತ ಹುಡುಗರನ್ನು ಗದರಿಸಿ ಎಬ್ಬಿಸಬೇಕು. ಬೆಳಗ್ಗೆ ಚಪ್ಪಲಿ ಮೆಟ್ಟುವಾಗಲೇ 'ಶಿವನೇ, ಇವತ್ತೊಂದು ದಿನ ಮಳೆಯಾದರೂ ಬರಬಾರದೇ' ಅನಿಸುತ್ತಿತ್ತು.

ಆ ಜಾಗ ನನ್ನ ಗಂಡನ ದೊಡ್ಡಪ್ಪನ ಮಗನದು, ಅಂದರೆ ನನಗೆ ಭಾವ. ಕಾಳುಕಡಿಯ ವ್ಯಾಪಾರ, ಹಣೆ ತುಂಬ ವಿಭೂತಿ, ಅಳೆದು ತೂಗಿ ಆಡುವ ಮಾತು. ಗೋದಾಮು ಕಟ್ಟಬೇಕೆಂದು ಸುತ್ತ ಗೋಡೆ ಎಬ್ಬಿಸಿ, ಗೇಟು ಕೂರಿಸಿ, ಯಾಕೋ ಅಲ್ಲಿಗೇ ಬಿಟ್ಟಿದ್ದರು. ಓಣಿಯವರು ಗೋಡೆಯ ಮೇಲಿಂದ ಕಸ ಒಗೆಯಲು ಶುರುಮಾಡಿದರು. ನಾತಕ್ಕೆ ನನ್ನ ಅಡುಗೆಮನೆಯ ಕಿಟಕಿ ತೆರೆಯಲಾಗುತ್ತಿರಲಿಲ್ಲ. ನಾನು ಭಾಲ್ಕಿ ಕಡೆಯ ಒಕ್ಕಲು ಮನೆತನದ ಮಗಳು. ಮಣ್ಣು ಹಾಗೆ ಕೊಳೆಯುವುದನ್ನು ನೋಡಲಾರದೆ ಭಾವನಿಂದ ಕೀಲಿ ಇಸಿದುಕೊಂಡೆ. ರಜೆಯಲ್ಲಿ ಕಟ್ಟೆ ಮೇಲೆ ಕೂತು ಕಾಲು ಕುಣಿಸುತ್ತಿದ್ದ ಓಣಿಯ ಮಕ್ಕಳನ್ನು ಕರೆದುಕೊಂಡು ಕಸ ತೆಗೆಸಿದೆ. ಅವರಿಗೆಲ್ಲ ನಾನು 'ಕಾಕು', ಅಂದರೆ ಚಿಕ್ಕಮ್ಮ.

ಆಮೇಲೆ ಅದಕ್ಕೆ ದೊಡ್ಡ ಹೆಸರು ಬಂತು. ಲಾತೂರಿನಿಂದ ಬಂದ ಯಾರೋ ಗೇಟಿಗೆ ಬ್ಯಾನರ್ ಕಟ್ಟಿ, ಇದು ಹದಿಹರೆಯದವರಲ್ಲಿ ನಾಯಕತ್ವ ಬೆಳೆಸುವ ತೋಟ ಎಂದು ಭಾಷಣ ಮಾಡಿ, ಒಂದು ಕಟ್ಟು ಮೆಂತ್ಯ ಪುಕ್ಕಟೆ ಒಯ್ದರು. ನಾಯಕತ್ವವಂತೆ! ನನಗೆ ಬೇಕಾಗಿದ್ದದ್ದು ಕಿಟಕಿ ತೆರೆಯುವುದು.

ಆದರೂ ಅವರ ಮಾತಿನಲ್ಲಿ ಹುರುಳಿತ್ತು ಅನ್ನಬೇಕು. ಪೈಪು ಯಾರು ಹಿಡಿಯಬೇಕೆಂದು ಮಕ್ಕಳು ದಿನಾ ಜಗಳಾಡುತ್ತಿದ್ದರು. ಆ ಕಿರಿಕಿರಿ ತಾಳಲಾರದೆ ನಾನೊಂದು ನಿಯಮ ಮಾಡಿದ್ದೆ. ಸೋಮವಾರದಿಂದ ಸೋಮವಾರಕ್ಕೆ ಒಬ್ಬರ ಪಾಳಿ. ಯಾರ ಪಾಳಿಯೋ ಅವರದೇ ಮಾತು, ನಾನೂ ಕೇಳಬೇಕು. ಉಳಿದವರು, ನಾನೂ ಸೇರಿ, ಆ ವಾರದಲ್ಲಿ ತಲಾ ಒಂದೇ ಒಂದು ಸಲ 'ಇದು ಬರೋಬರಿ ಇಲ್ಲ', ಸರಿಯಿಲ್ಲ, ಎನ್ನಬಹುದು; ಹಾಗೆಂದರೆ ಆ ಕೆಲಸ ನಿಲ್ಲಬೇಕು. ಆ ಒಂದು ಸಲ ಮುಗಿದ ಮೇಲೆ ಬಾಯಿ ಬಂದ್. ಮೊದಮೊದಲು ಇದು ದೊಡ್ಡ ತಮಾಷೆಯಾಗಿತ್ತು. ಒಬ್ಬ ಹುಡುಗ ತನ್ನ ಪಾಳಿ ಬಂದಾಗ ಮನೆಯಿಂದ ಕುರ್ಚಿ ತರಿಸಿ ಕೂತು ಎಲ್ಲರಿಂದ 'ಸಾಹೇಬ' ಅನ್ನಿಸಿಕೊಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ವಾರ ಬದನೆ ಒಣಗಿತು, ಅವನಿಗೆ ಬುದ್ಧಿ ಬಂತು, 'ಸಾಹೇಬ' ಎಂಬ ಹೆಸರು ಮಾತ್ರ ಉಳಿಯಿತು.

ಇವರಲ್ಲಿ ಹನ್ನೊಂದನೆಯ ಇಯತ್ತೆಯ ಒಬ್ಬ ಹುಡುಗಿ ಇದ್ದಳು. ಔರಾದ ಕಡೆಯಿಂದ ದುಡಿಯಲು ಬಂದ ಮಂದಿಯ ಮಗಳು. ಅಪ್ಪ ಹಮಾಲ, ಅವ್ವ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವವಳು. ಮನೆಯಲ್ಲಿ ಬಾಯಿ ತೆರೆದರೆ 'ಗಪ್ಪ ಕುಂಡ್ರು' ಅನ್ನಿಸಿಕೊಳ್ಳುತ್ತಿದ್ದ ಆ ಹುಡುಗಿ ತನ್ನ ಪಾಳಿಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು, ಮತ್ತು ಎಲ್ಲರೂ ಕೇಳುತ್ತಿದ್ದರು. ಕೀಲಿ ಈಕೆಗೆ ಕೊಟ್ಟು ನಾನು ಮನೆಯಲ್ಲಿ ಕಾಲು ಚಾಚಬೇಕೆಂದು ನಿಶ್ಚಯಿಸಿ ಭಾವನ ಅಂಗಡಿಗೆ ಹೋದೆ.

“ಭಾವಾರ, ಇನ್ನ ನನ್ನ ಕೈಲೆ ಆಗಂಗಿಲ್ಲ. ಕೀಲಿ ಆ ಹುಡುಗಿ ಕೈಯಾಗ ಕೊಡ್ತೀನಿ,” ಎಂದೆ.

ಭಾವ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. “ನೀ ಇದ್ದಿ ಅಂತ ನಾ ಸುಮ್ಮ ಇದ್ದೆ ನೋಡವ್ವ. ನೀ ಬಿಟ್ಟಿ ಅಂದ್ರ ಗೋದಾಮಿನ ಪಾಯಾ ತೆಗಸ್ತೀನಿ. ಹುಡುಗೂರ ಆಟಕ್ಕ ಜಾಗಾ ಬಿಡ್ಲಾಕ ಆಗ್ತದೇನು?” ಎಂದರು. ತಕ್ಕಡಿ ಇಳಿಸಿ ಅವರೇ ಮುಂದುವರಿಸಿದರು. “ಅಮಾಸಿ ದಿನ ಬರ್ತೀನಿ. ಅವರೇ ನಡಸ್ತಾರೋ, ನೀ ಹಿಂದ ನಿಂತು ನಡಸ್ತಿಯೋ, ನನಗ ತಿಳೀತದ. ಆಮ್ಯಾಲ ಹೇಳ್ತೀನಿ.”

ಹುಡುಗಿಗೆ ಇದನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವಳು ಮಣ್ಣಿನ ಕೈ ತೊಳೆದುಕೊಂಡಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು. “ಅಮಾಸಿ ವಾರ ನಂದೇ ಪಾಳಿ ಅದ, ಕಾಕು,” ಎಂದಳು. ಅವಳ ಮುಖ ನೋಡಿದರೆ ಆ ಗೇಟಿನ ಹೊರಗೆ ಬೇರೆ ಲೋಕವೇ ಇಲ್ಲವೇನೋ ಅನ್ನುವ ಹಾಗಿತ್ತು.

ಭಾವ ಹೇಳಿದ ಅಮಾಸಿ ಎಂದರೆ ಎಳ್ಳ ಅಮಾವಾಸ್ಯೆ, ಅದನ್ನು ಇಲ್ಲಿ ವೇಳಾ ಅಮಾಸಿ ಎನ್ನುತ್ತಾರೆ. ಅಂದು ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ಕಣಿಕೆಯ ಕೊಪ್ಪಿ, ಅಂದರೆ ಪುಟ್ಟ ಗುಡಿಸಲು, ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಹತ್ತೆಂಟು ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ, ಸಜ್ಜೆರೊಟ್ಟಿ ಉಣ್ಣುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದುಕೊಂಡು ಹೋಗುತ್ತಾರೆ. ಅದು ಒಳ್ಳೆಯ ಪದ್ಧತಿ ಎಂದೇ ನಾನು ತಿಳಿದಿದ್ದೆ. ಅದರ ಇನ್ನೊಂದು ಮಗ್ಗುಲನ್ನು ಹುಡುಗಿ ಹೇಳಿದಳು.

“ಪ್ರತಿ ವರ್ಷ ಹೊಲ ಇದ್ದವರು ನಮ್ಮನ್ನ ವಲಾಂಡಿ ಊರಾಗಿನ ತಮ್ಮ ಹೊಲಕ್ಕ ಕರೀತಾರ ರೀ. ಪ್ರೀತಿಲೇ ಕರೀತಾರ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮವ್ವ ಹೋದಾಕಿನೇ ಒಲಿ ಮುಂದ ಕುಂಡ್ರತಾಳ. ಎಲ್ಲಾರದೂ ಊಟ ಆದ ಮ್ಯಾಲ ಭಾಂಡಿ ತಿಕ್ಕತಾಳ. ಯಾರೂ ತಿಕ್ಕು ಅಂದಿಲ್ಲ, ಆಕಿಗೇ ಕುಂಡ್ರಲಾಕ ಬರಂಗಿಲ್ಲ. ಈ ಸಲ ಇಲ್ಲೇ ಮಾಡೋಣ. ಭಜ್ಜಿಗಿ ಬಜಾರದ್ದು ಒಂದ ಎಲಿನೂ ಬರಬಾರದು. ಎಲ್ಲಾ ನಮ್ಮದೇ.”

ನನ್ನ ಎದೆ ತುಂಬಿ ಬಂತು. ಅಷ್ಟಾಗಿಯೂ ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ! ಸೋಮವಾರ ಅವರು ಗೇಟಿನ ಹತ್ತಿರ ಕೊಪ್ಪಿ ಕಟ್ಟಲು ಹೊರಟಾಗ ದಾರಿಗೆ ಅಡ್ಡ ಆಗುತ್ತದೆಂದು 'ಇದು ಬರೋಬರಿ ಇಲ್ಲ' ಅಂದುಬಿಟ್ಟೆ. ಹುಡುಗಿ ಕಣಿಕೆಯನ್ನೆಲ್ಲ ನುಗ್ಗೆಮರದ ಕೆಳಗೆ ಒಯ್ದಳು.

ಈಗ ಹುಳಚಿಕ್ಕಿಯ ಸಾಲಿನ ವಿಷಯ ಹೇಳಬೇಕು. ಮರಾಠಿಯಲ್ಲಿ ಅದಕ್ಕೆ ಚುಕ್ಕಾ ಎನ್ನುತ್ತಾರೆ, ಹುಳಿ ಸೊಪ್ಪು. ಬಜಾರದಲ್ಲಿ ಬೇಕಾದಷ್ಟು ಸಿಗುತ್ತದೆ. ನನ್ನದು ನಮ್ಮವ್ವನ ಹಿತ್ತಲಿನದು: ಎಲೆ ಚಿಕ್ಕದು, ದಂಟು ಕೆಂಪು, ಹುಳಿ ಸ್ವಲ್ಪ ಮೆತ್ತಗೆ. ಮದುವೆಯಾಗಿ ಬಂದಾಗ ಸೆರಗಿನ ಗಂಟಿನಲ್ಲಿ ತಂದ ಬೀಜವನ್ನು ವರ್ಷ ವರ್ಷ ಬೆಳೆದು, ಬೀಜ ಹಿಡಿದು, ಮತ್ತೆ ಬಿತ್ತಿ ಉಳಿಸಿಕೊಂಡು ಬಂದಿದ್ದೆ. ಈಗ ಅವ್ವ ಇಲ್ಲ. ಹಿತ್ತಲಿನ ಮೇಲೆ ತಮ್ಮ ಸಿಮೆಂಟಿನ ಕೋಣೆ ಕಟ್ಟಿಸಿದ್ದಾನೆ. ಈ ವರ್ಷ ಕೈಯಲ್ಲಿದ್ದ ಬೀಜವನ್ನೆಲ್ಲ ಒಂದೇ ಸಾಲಿಗೆ ಹಾಕಿ, ಕೊಯ್ಯದೆ ಬೀಜಕ್ಕೆ ಬಿಟ್ಟಿದ್ದೆ. ಮಕ್ಕಳಿಗೆ 'ಮುಟ್ಟಬೇಡಿ' ಅಂದಿದ್ದೆ, ಯಾಕೆಂದು ಹೇಳಿರಲಿಲ್ಲ. ಅವ್ವನ ಸುದ್ದಿ ತೆಗೆದರೆ ನನಗೆ ಮಾತು ಮುಂದೆ ಹೋಗುವುದಿಲ್ಲ.

ಅಮಾಸಿಯ ಮುನ್ನಾದಿನ ಸಂಜೆ ಅಂಬಲಿಗೆ ಮಜ್ಜಿಗೆ ಹಿಡಿದು ತೋಟಕ್ಕೆ ಹೋದೆ. ಕೊಪ್ಪಿ ನಿಂತಿತ್ತು, ಕಲ್ಲಿಗೆ ಸುಣ್ಣ ಬಿದ್ದಿತ್ತು. ಪಾಲಕ, ಮೆಂತ್ಯ, ಹಸಿ ತೊಗರಿ, ಅವರೆ ರಾಶಿ ಬಿದ್ದಿದ್ದವು. ಸಾಹೇಬ ಹುಳಚಿಕ್ಕಿಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೇರುಸಮೇತ ಕೀಳುತ್ತಿದ್ದ. ಹೂವಿನ ದಂಟು ಆಗಷ್ಟೇ ಮೇಲೆದ್ದಿದ್ದ ಗಿಡಗಳು. ಅರ್ಧ ಸಾಲು ಆಗಿಹೋಗಿತ್ತು.

“ಏ, ನಿಂದ್ರು!” ಎಂದು ಕೂಗಿದೆ. “ಇದು ಬರೋಬರಿ...”

“ಕಾಕು, ನಿಮ್ಮದು ಒಂದ ಮಾತು ಸೋಮವಾರನೇ ಮುಗದದ ರೀ!” ಎಂದ ಸಾಹೇಬ. ಮಕ್ಕಳೆಲ್ಲ ಹೋ ಎಂದು ನಕ್ಕರು. ನಿಯಮ ಮಾಡಿದವಳೇ ನಿಯಮಕ್ಕೆ ಸಿಕ್ಕಿಬಿದ್ದದ್ದು ಅವರಿಗೆ ಹಬ್ಬದ ಮೇಲೆ ಹಬ್ಬ. ಹುಡುಗಿ ಮಾತ್ರ ನಗಲಿಲ್ಲ, ನನ್ನನ್ನು ನೋಡಿದಳು. ಆಮೇಲೆ, “ಭಜ್ಜಿಗಿ ಹುಳಿ ಬೇಕಲ್ಲ ರೀ. ಕೀಳ್ರಿ,” ಎಂದಳು.

ನಾನು ನಳದ ಹತ್ತಿರ ಹೋಗಿ ನಿಂತೆ. ಓಡಿಹೋಗಿ ಆ ಹುಡುಗನ ಕೈ ಹಿಡಿಯಬಹುದಿತ್ತು. ಹಿಡಿದಿದ್ದರೆ ನಾಳೆಯಿಂದ ಆ ಹುಡುಗಿಯ ಮಾತಿಗೆ ಕಾಸಿನ ಕಿಮ್ಮತ್ತು ಇರುತ್ತಿರಲಿಲ್ಲ. ಭಾವ ಬಂದಾಗ ಅದು ಒಂದೇ ನೋಟಕ್ಕೆ ಅವರಿಗೆ ತಿಳಿಯುತ್ತಿತ್ತು. ಒಂದೊಂದೇ ಗಿಡ ಮೇಲೆ ಬರುವುದನ್ನು ನೋಡುತ್ತ ನಿಂತೆ. ಸಿಟ್ಟು ಬಂದಿತ್ತು, ಆದರೆ ಸಿಟ್ಟಿಗೂ ತ್ರಾಣ ಬೇಕಲ್ಲ. ಮಜ್ಜಿಗೆ ಅಲ್ಲೇ ಇಟ್ಟು ಮನೆಗೆ ಬಂದು, ಉಣ್ಣದೆ ಮಲಗಿದೆ.

ಮರುದಿನ ಹೊಲವಿಲ್ಲದ ಮನೆಗಳ ಮಂದಿಯೆಲ್ಲ ಬಂದರು. ಹುಡುಗಿಯ ಅವ್ವ ಬಂದವಳೇ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಹೊರಟಳು. ಮಗಳು ಅಡ್ಡ ನಿಂತಳು.

“ಅವ್ವಾ, ನೀ ಕುಂಡ್ರು. ಇವತ್ತ ಹೊಲ ನಮ್ಮದದ.”

ಆ ಹೆಣ್ಣುಮಗಳು ಚಾಪೆಯ ಮೇಲೆ ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಾಹೇಬ ಅವಳ ತಾಟಿಗೆ ಭಜ್ಜಿ ಬಡಿಸಿದ. ಒಂದು ತುತ್ತು ಬಾಯಿಗಿಟ್ಟವಳು ಕಣ್ಣೊರೆಸಿಕೊಂಡು, ಹೊಗೆ ಅಂದಳು. ಹೊಗೆ ಆ ಕಡೆಗೆ ಇರಲೇ ಇಲ್ಲ. ನಾನೂ ಉಂಡೆ. ನಮ್ಮವ್ವನ ಹಿತ್ತಲಿನ ಹುಳಿ ಅದು, ಕೊನೆಯ ಸಲ. ತುಂಬಾ ರುಚಿಯಾಗಿತ್ತು ಎಂದು ಹೇಳಲು ಈಗಲೂ ಸಂಕಟವಾಗುತ್ತದೆ.

ಭಾವ ತಮ್ಮ ಹೊಲದ ಚರಗ ಮುಗಿಸಿ ಮಧ್ಯಾಹ್ನ ಬಂದರು. ಉಂಡು, ಕೈ ತೊಳೆದು, ತೋಟ ಸುತ್ತಲು ಎದ್ದರು. ಬರಿದಾದ ಸಾಲಿನ ಮುಂದೆ ನಿಂತರು.

“ಇಲ್ಲೇನಿತ್ತು?”

“ಹುಳಚಿಕ್ಕಿ ರೀ,” ಎಂದಳು ಹುಡುಗಿ.

“ಪೂರಾ ಸಾಲು ಬೇರಿನ ಸಂಗಟ ಕಿತ್ತೀರಿ? ಬೀಜಕ್ಕ ಒಂದ ಗಿಡಾನೂ ಬಿಟ್ಟಿಲ್ಲ? ಯಾರ ಶ್ಯಾಣ್ಯಾತನ ಇದು?”

ಸಾಹೇಬ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಹೇಳಿದಳು. “ನಾ ಹೇಳೀನಿ ರೀ, ಅವರು ಕಿತ್ತಾರ. ಹೂವಿನ ದಂಟು ಕಾಣ್ತಿತ್ತು. ನನಗ ತಿಳೀಬೇಕಿತ್ತು.”

ಭಾವ ನನ್ನ ಕಡೆ ತಿರುಗಿದರು. “ನೀ ಇದ್ದಿಯೇನವ್ವ, ಕೀಳಾಗ?”

“ಇದ್ದೆ ರೀ.”

“ಮತ್ತ?”

“ನಂದು ಪಾಳಿ ಇದ್ದಿಲ್ಲ.”

ಅವರು ಹೊಟ್ಟೆ ಕುಲುಕಿಸಿ ನಕ್ಕರು. “ನಿನ್ನ ಬಾಯಿ ಮುಚ್ಚಿಸ್ಯಾಳಂದ್ರ ಈಕಿ ಊರ ಬಾಯಿನೂ ಮುಚ್ಚಸ್ತಾಳ. ಕೊಡವ್ವ ಕೀಲಿ. ಗೋದಾಮು ಎಲ್ಲೂ ಓಡಿ ಹೋಗಂಗಿಲ್ಲ.” ಮಕ್ಕಳು ಕೂಗಾಡಿದರು, ಯಾರೋ ತಾಟು ಬಡಿದರು. ನಾನು ಸೊಂಟದಿಂದ ಕೀಲಿ ಬಿಚ್ಚಿ ಹುಡುಗಿಯ ಕೈಗಿಟ್ಟೆ.

ಮಂದಿ ಹೋದ ಮೇಲೆ ಅವಳು ನನ್ನ ಪಕ್ಕದಲ್ಲಿ ಬಂದು ಕೂತಳು.

“ಕಾಕು, ಆ ಬೀಜ ಎಲ್ಲೀದು ರೀ?”

“ನಮ್ಮವ್ವನ ಹಿತ್ತಲದ್ದು.”

“ಮತ್ತ ತರ್ಲಾಕ ಬರ್ತದೇನು?”

“ಇಲ್ಲ. ಅವ್ವನೂ ಇಲ್ಲ, ಹಿತ್ತಲನೂ ಇಲ್ಲ. ಅಸೂ ದೇ, ಇರಲಿ ಬಿಡು.”

ಅವಳು ಅಳುತ್ತಾಳೆಂದು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ಅಳಲಿಲ್ಲ. “ನಾ ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಶಿವರಾತ್ರಿ ತನಕ ನೀವು ತೋಟಕ್ಕ ಬರಬ್ಯಾಡ್ರಿ,” ಎಂದಳು.

ನಾನು ತಪ್ಪು ಕೇಳಿದೆನೇನೋ ಎಂದು ಅವಳ ಮುಖ ನೋಡಿದೆ.

“ನಿನ್ನಿ ನೀವು ನಳದ ಹತ್ರ ನಿಂತಿದ್ರಿ. ನಿಮ್ಮ ಮಾರಿ ನೋಡಿ ನನಗ ಖರೇನೇ ಗೊತ್ತಾಗಿತ್ತು, ಏನೋ ತಪ್ಪಲಾಕತ್ತದ ಅಂತ. ಆದ್ರ ಕಾಕು ಇದ್ದಾರಲ್ಲ, ಭಾಳ ತಪ್ಪಿದ್ರ ಅವರೇ ಹ್ಯಾಂಗರ ಮಾಡಿ ತಡೀತಾರ ಅಂತ ಸುಮ್ಮ ಆದೆ. ನೀವಿದ್ರ ನಾ ಪೂರಾ ವಿಚಾರನೇ ಮಾಡಂಗಿಲ್ಲ ರೀ.”

ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ? ಬಿಡುಗಡೆ. ಕಾಲು ಚಾಚುವುದು. “ಬರಂಗಿಲ್ಲ ತಗೋ,” ಎಂದು ಎದ್ದೆ. ಗೇಟು ದಾಟಿದ ಮೇಲೆ ಅವಳು ಒಳಗಿಂದ ಚಿಲಕ ಹಾಕಿದ ಸಪ್ಪಳ ಕೇಳಿತು. ಓಣಿಯಲ್ಲಿ ಯಾರೂ ಇರಲಿಲ್ಲ, ಹೊಲ ಇದ್ದವರು ಇನ್ನೂ ಹೊಲದಲ್ಲೇ ಇದ್ದರು, ನಮ್ಮಲ್ಲಿ ಉಂಡವರು ಮನೆ ಸೇರಿದ್ದರು. ಗೋಡೆ ಹಿಡಿದು ನಿಂತು ಸಣ್ಣ ಹುಡುಗಿಯ ಹಾಗೆ ಅತ್ತೆ.

ಶಿವರಾತ್ರಿ ಇನ್ನೂ ದೂರ ಇದೆ. ಮೊಣಕಾಲಿನ ನೋವು ಕಡಿಮೆಯಾಗಿದೆ, ದಣಿವು ಹೋಗಿಲ್ಲ. ಬಜಾರಕ್ಕೆ ಹೋಗುವಾಗ ಸುತ್ತಿನ ದಾರಿ ಹಿಡಿಯುತ್ತೇನೆ. ಆ ಗೇಟಿನ ಮುಂದೆ ಹಾದರೆ ಒಳಗೆ ಇಣುಕದೆ ಇರಲಾರೆ, ಇಣುಕಿದರೆ ಮಾತಾಡದೆ ಇರಲಾರೆ.