ಕಾಳವ್ವ ಕಡಿಯದ ವೈಯರ್

ಆ ವೈಯರ್ ಕಡಿದವಳು ನಾನು. ಕಾಳವ್ವ ಅಲ್ಲ. ಕಡಿದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ — ಅಂಥದ್ದೇ ಹೊತ್ತು ಬಂದರೆ ಇವತ್ತೂ ಕಡಿಯುತ್ತೇನೆ. ನನ್ನ ತಪ್ಪು ಶುರುವಾದದ್ದು ಕಡಿದ ಮೇಲೆ.

ನಾನು ಗೋಕಾಕದ ಹುಡುಗಿ. ಹುಕ್ಕೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಗೆ ಸೊಸೆಯಾಗಿ ಬಂದೆ. ತವರಿನಲ್ಲಿ ಅವ್ವ ತೀರಿಕೊಂಡಿದ್ದಳು. ಹಾಗಾಗಿ ಚೊಚ್ಚಲ ಬಾಣಂತನವೂ ಗಂಡನ ಮನೆಯಲ್ಲೇ ಆಯಿತು. ಆ ವರ್ಷ ಮಾಗಿಯ ಚಳಿ ಜೋರಿತ್ತು. ಬಾಣಂತಿ ಕೋಣೆಯಲ್ಲಿ ಕೆಂಡದ ಶೆಗಡಿ ಇಡುವುದು ರೂಢಿ. ಅದಕ್ಕೆ ಕುಳ್ಳು, ಇದ್ದಿಲು ಹೊತ್ತು ತಂದು ಹಿತ್ತಲ ಬಾಗಿಲಲ್ಲಿ ಇಳಿಸುತ್ತಿದ್ದವಳು ಕಾಳವ್ವ. ಅಲ್ಲಿಂದ ಮುಂದೆ ಬರುವಂತಿರಲಿಲ್ಲ. ಬಸವಣ್ಣನ ಫೋಟೋಕ್ಕೆ ದಿನಾ ಹೂ ಏರಿಸುವ ಮನೆ ನಮ್ಮದು — ಆದರೆ ಕಾಳವ್ವನ ಜಾತಿಯವರು ಹೊಸ್ತಿಲು ದಾಟಬಾರದು.

ಊರಿಗೆ ಕರೆಂಟ್ ಬಂದ ಹೊಸತು. ನಮ್ಮ ಯಜಮಾನರು ಬೆಳಗಾವಿಯಿಂದ ಕರೆಂಟಿನ ಶೆಗಡಿ ತಂದರು. ಬಟನ್ ಒತ್ತಿದರೆ ಸುರುಳಿ ತಂತಿ ಕೆಂಪಗೆ ಕಾಯುತ್ತಿತ್ತು. ಹೊಗೆಯಿಲ್ಲ, ಬೂದಿಯಿಲ್ಲ. ಕೂಸು ನೋಡಲು ಬಂದವರೆಲ್ಲ ಮೊದಲು ಶೆಗಡಿ ನೋಡುತ್ತಿದ್ದರು. ಇನ್ನು ಇದ್ದಿಲು ಬೇಡವೆಂದು ಅತ್ತೆ ಕಾಳವ್ವನಿಗೆ ಹೇಳಿ ಕಳಿಸಿದರು.

ಶೆಗಡಿಯ ವೈಯರಿಗೆ ಬಟ್ಟೆಯ ಹೊದಿಕೆ. ಅದನ್ನು ನನ್ನ ಕಬ್ಬಿಣದ ಮಂಚದ ಕೆಳಗೆ ಹಾಯಿಸಿದ್ದರು. ಮಂಚದ ಕಾಲು ಅದರ ಮೇಲೆ ಕೂತು, ಉಜ್ಜಿ ಉಜ್ಜಿ, ಒಳಗಿನ ತಾಮ್ರ ಕಾಣುತ್ತಿತ್ತು. ಮೂಲೆಯ ಬಚ್ಚಲಲ್ಲಿ ಎರೆದ ನೀರಿಗೆ ಆ ಕೋಣೆಯ ನೆಲ ಎಂದೂ ಒಣಗುತ್ತಿರಲಿಲ್ಲ. ಒಂದು ದಿನ ಎರೆದುಕೊಂಡು ಬಂದು, ಹಸಿ ಕಾಲಲ್ಲೇ ಮಂಚದ ಪಟ್ಟಿ ಹಿಡಿದೆ — ಭುಜದ ತನಕ ಯಾರೋ ಕಿತ್ತು ಎಸೆದ ಹಾಗಾಯಿತು. ಗೋಡೆಗೆ ಹೋಗಿ ಬಿದ್ದೆ. ಕೂಸು ಆಗ ಅತ್ತೆಯ ತೊಡೆಯ ಮೇಲಿತ್ತು. ನನ್ನ ಕೈಯಲ್ಲಿದ್ದಿದ್ದರೆ —

ಹೇಳಿದೆ. ಅತ್ತು ಹೇಳಿದೆ. ಯಜಮಾನರು ನಕ್ಕರು.

"ಹಸಿ ಬಾಣಂತಿ ಮೈ. ನರ ಸೆಳದಿರ್ತಾವು, ಅಷ್ಟ."

ಅತ್ತೆ ನಗಲಿಲ್ಲ. "ಬಾಣಂತಿ ಸನ್ನಿ ಸುರು ಆದಂಗ ಕಾಣತೈತಿ" ಎಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. ನಾನು ಶೆಗಡಿಯ ಪಿನ್ ಗೋಡೆಯಿಂದ ಕಿತ್ತಿಟ್ಟೆ. ಅವರು ಮತ್ತೆ ಸಿಕ್ಕಿಸಿದರು. ಮತ್ತೆ ಕಿತ್ತೆ, ಮತ್ತೆ ಸಿಕ್ಕಿಸಿದರು. ಕೂಸಿನ ಹಸಿ ಬಟ್ಟೆಗಳನ್ನು ಅದೇ ಮಂಚದ ಪಟ್ಟಿಗೆ ಒಣಹಾಕುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಪಿನ್ ಕಿತ್ತೆ, ಅಡುಗೆಮನೆಯ ಈಳಿಗೆ ತಂದು ವೈಯರನ್ನು ತುಂಡು ತುಂಡು ಮಾಡಿದೆ. ಸುರುಳಿಯನ್ನೂ ಎಳೆದು ಹರಿದೆ. ಈಳಿಗೆ ತೊಳೆದಿಟ್ಟು ಬಂದು ಕೂಸಿಗೆ ಹಾಲು ಕೊಟ್ಟೆ. ಅಷ್ಟು ಸಮಾಧಾನ ಆ ಮನೆಯಲ್ಲಿ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಸಂಜೆ ಕಾಳವ್ವ ಮಜ್ಜಿಗೆ ಕೇಳಿಕೊಂಡು ಹಿತ್ತಲಿಗೆ ಬಂದಳು. ತುಂಡಾದ ವೈಯರನ್ನು ಆಗಷ್ಟೇ ಕಂಡಿದ್ದ ಅತ್ತೆ ಅವಳ ಮೇಲೇ ಹರಿಹಾಯ್ದರು.

"ನಿನ್ನ ಇದ್ಲಿ ಬಿಡಿಸಿದ್ದಕ್ಕ ಹೊಟ್ಟಿ ಉರದು ವೈಯರ್ ಕಡದೇನ?"

ಓಣಿಯ ಹೆಂಗಸರು ಸೇರಿದರು. ಕಾಳವ್ವ ತಲೆ ತಗ್ಗಿಸಲಿಲ್ಲ. ಅವಳ ದನಿ ನನ್ನ ಕೋಣೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಒಳಗ ಕಾಲಿಡಾಕ ಎಂದಾರ ಬಿಟ್ಟೀರೇನ್ರಿ ಅವ್ವಾರ? ಹೊಸ್ತಲಾ ದಾಟದಾಕಿ ನಿಮ್ಮ ವೈಯರ್ ಹೆಂಗ ಕಡೀಲಿ?"

ಆಮೇಲೆ ಯಜಮಾನರು ಅಂದರು: "ಕಿಡಕಿಯಾಗ ಕೋಲ ಹಾಕಿ ಎಳದಿರ್ತಾಳ." ಎಲ್ಲರಿಗೂ ಅಷ್ಟು ಸಾಕಾಯಿತು.

ಕಿಟಕಿಯ ಅಗುಳಿ ಒಳಗಿನಿಂದ ಹಾಕಿತ್ತು. ನಾನೇ ಹಾಕಿದ್ದೆ. ಒಂದು ಮಾತು ಸಾಕಿತ್ತು — ನಾನು ಆಡಲಿಲ್ಲ. ಹೆದರಿದ್ದೆ ಎಂದು ಬರೆಯಬಹುದು. ಆದರೆ ಖರೆ ಏನೆಂದರೆ, ಬೈಗುಳ ನನ್ನ ಕಡೆ ತಿರುಗಲಿಲ್ಲವಲ್ಲ ಎಂದು ಹಾಯೆನಿಸಿತ್ತು. ಸನ್ನಿ ಅನ್ನಿಸಿಕೊಳ್ಳುವುದಕ್ಕಿಂತ ಕಾಳವ್ವ ಹೊಟ್ಟೆಕಿಚ್ಚಿನವಳು ಅನ್ನಿಸಿಕೊಳ್ಳಲಿ ಎಂದು — ಹೌದು, ಅಷ್ಟು ಕೆಳಗಿಳಿದಿದ್ದೆ.

ಆಮೇಲೆ ಓಣಿಯ ಯಾವ ಮನೆಯೂ ಅವಳ ಕುಳ್ಳು ಕೊಳ್ಳಲಿಲ್ಲ. ಅವಳು ಮೂಡಲಗಿಗೆ, ಮಗಳ ಮನೆಗೆ ಹೋದಳು.

ನನ್ನ ಮಗ ಸಾಲಿಗೆ ಹೋಗತೊಡಗಿದ ಮೇಲೆ, ನೆಂಟರ ಮದುವೆಯ ನೆಪದಲ್ಲಿ ನಾನು ಮೂಡಲಗಿಗೆ ಹೋಗಿ ಅವಳನ್ನು ಹುಡುಕಿದೆ. "ಒಳಗ ಬರ್ರಿ" ಎಂದು ಕಂಬಳಿ ಹಾಸಿದಳು. ಗೋಡೆಯ ಮೇಲೆ ಬುದ್ಧನ ಹೊಸ ಪಟವಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನನಗ್ಯಾಕ ಹೇಳ್ತೀರಿ? ನಾ ಕಡದಿಲ್ಲಂತ ನನಗ ಆವತ್ತ ಗೊತ್ತಿತ್ತು. ಅಲ್ಲಿ ನಿಂತು ಕೇಳಿದ್ರಲ್ಲ, ಅವರಿಗಿ ಹೇಳ್ರಿ."

ಊರಿಗೆ ಮರಳಿ, ಹಿತ್ತಲಲ್ಲೇ ನಿಂತು, ಓಣಿಗೆಲ್ಲ ಕೇಳುವಂತೆ ಹೇಳಿದೆ. ಅತ್ತೆ ಸಾಯುವ ತನಕ ನನ್ನ ಕೈಯ ಊಟ ಮುಟ್ಟಲಿಲ್ಲ. ಯಜಮಾನರು ಬಹಳ ದಿನ ಮಾತು ಬಿಟ್ಟರು. ಬಿಡಲಿ ಎಂದೆ. ಆದರೆ ಕಾಳವ್ವನ ಮನೆಗೆ ಹೋಗಿ ತಪ್ಪಾಯಿತು ಅನ್ನಲು ಇಡೀ ಓಣಿಯಲ್ಲಿ ಒಬ್ಬರೂ ಏಳಲಿಲ್ಲ. ಅವಳು ಹುಕ್ಕೇರಿಗೆ ಮತ್ತೆ ಬರಲಿಲ್ಲ. ಅವಳು ಕಳೆದುಕೊಂಡದ್ದನ್ನು ನನ್ನಿಂದ ತಿರುಗಿ ಕೊಡಲಾಗಲಿಲ್ಲ. ಹೇಳಿದೆನೆಂಬ ಹೆಮ್ಮೆಗೂ ನನಗೆ ಹಕ್ಕಿಲ್ಲ.

ಇಷ್ಟಾದರೂ ನಮ್ಮ ಮನೆಯಲ್ಲಿ ಚಳಿಗಾಲದ ಮಾತು ಬಂದರೆ, "ಕಾಳವ್ವ ವೈಯರ್ ಕಡದ ವರ್ಷ" ಎನ್ನುತ್ತಾರೆ. ಅವಳನ್ನು ಕಾಣದ ಮೊಮ್ಮಕ್ಕಳೂ ಅನ್ನುತ್ತಾರೆ. ನಾನು ಪ್ರತಿ ಸಲ ಎದ್ದು ತಿದ್ದುತ್ತೇನೆ, ಬೀಗರು ಕೂತಿದ್ದರೂ. "ಹಳೇದು, ಬಿಡಬೇ ಇನ್ನ" ಎನ್ನುತ್ತಾನೆ ಮಗ.

ಬಿಡುವುದಿಲ್ಲ.