ದಾರ್ಸೈಟ್ ಗೋಡೆಯ ಮೀನು

ನಾವಿರುವ ಕೊಲ್ಲಿ ದೇಶದಲ್ಲಿ, ದಾರ್ಸೈಟ್‌ನ ಆ ಗೋಡೆಯ ಮೇಲೆ ಒಂದು ಮೀನಿತ್ತೋ ಎರಡಿತ್ತೋ ಎಂದು ಯಾರಾದರೂ ಕೇಳಿದ್ದರೆ ನಾನು ಆಣೆ ಮಾಡಿ ಹೇಳುತ್ತಿರಲಿಲ್ಲ. ದೊಡ್ಡದೊಂದು ಇದ್ದದ್ದು ಖಂಡಿತ. ಹಳೆಯ ಕಟ್ಟಡದ ಪಕ್ಕದ ಗೋಡೆಯಲ್ಲಿ, ಕಾಂಕ್ರೀಟಿನಲ್ಲೇ ಉಬ್ಬಾಗಿ ಎರಕ ಹೊಯ್ದ ಚಿತ್ರ: ಕೆಳಗೆ ಅಲೆಗಳು, ಮೇಲೆ ಹಾಯಿದೋಣಿ, ನಡುವೆ ಮೀನು. ದೋಣಿಯೂ ನನ್ನ ಊಹೆಯೇ ಇರಬಹುದು ಎಂದು ಎಷ್ಟೋ ಸಲ ಅನ್ನಿಸಿದೆ. ಅದರ ಮುಂದೆ ನಿಂತು ನೋಡಿದವರನ್ನು ನಾನು ಕಂಡಿಲ್ಲ, ನಮ್ಮನ್ನು ಬಿಟ್ಟರೆ.

ನಾವು ನೋಡಿದ್ದೂ ಕಲೆಯ ಮೇಲಿನ ಪ್ರೀತಿಯಿಂದಲ್ಲ. ಮಗಳ ಶಾಲೆ ಬಿಡುವವರೆಗೆ ಕಾರಿಗೆ ನೆರಳು ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಮಲ್ಪೆಯಲ್ಲಿ ಹುಟ್ಟಿದ ನನ್ನ ಹೆಂಡತಿಗೆ ಮೀನು ಕಂಡರೆ ಸುಮ್ಮನಿರಲು ಆಗುವುದಿಲ್ಲ, ಅದು ಸಿಮೆಂಟಿನದಾದರೂ.

"ಅಂಜಲ್," ಎಂದು ಮೀನಿನ ಜಾತಿ ಹೇಳುತ್ತಿದ್ದಳು.

"ಬಂಗುಡೆ. ಹೊಟ್ಟೆ ನೋಡು."

"ಎಂಥ ಬಂಗುಡೆ ಮಾರಾಯ್ರೆ! ಇಷ್ಟೆಲ್ಲ ಓದಿದ್ದೀರಿ, ಒಂದು ಬಾಲ ನೋಡ್ಲಿಕ್ಕೆ ಬರುದಿಲ್ಲ."

ಹಿಂದಿನ ಸೀಟಿಗೆ ಬ್ಯಾಗ್ ಎಸೆದು ಹತ್ತುವ ಮಗಳು, "ಸ್ಟಿಲ್ ಫೈಟಿಂಗ್?" ಎನ್ನುತ್ತಿದ್ದಳು.

ಈಗ ಅವಳು ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಲ್ಲಿ ಓದುತ್ತಿದ್ದಾಳೆ. ಇದು ಅಲ್ಲಿಯ ಮೊದಲ ಚಳಿಗಾಲ. ಫೋನಿನಲ್ಲಿ ಮಾತು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. "ಊಟ ಆಯ್ತಾ" ಎಂದರೆ "ಆಯ್ತು", ಅಷ್ಟೆ. ಹೋದ ತಿಂಗಳು ಒಂದು ಫೋಟೊ ಕಳಿಸಿದಳು. ಬಸ್ ನಿಲ್ದಾಣದ ಹಿಂದೆ ಕಾಂಕ್ರೀಟ್ ಗೋಡೆ, ಅದರಲ್ಲಿ ಉಬ್ಬಿದ ಚಕ್ರಗಳು, ಸೂರ್ಯ, ಹಕ್ಕಿಯೋ ಎಲೆಯೋ ತಿಳಿಯದ ಆಕಾರಗಳು. ಜನ ಅದಕ್ಕೆ ಬೆನ್ನು ಮಾಡಿ ಬಸ್ಸಿಗೆ ಕಾಯುತ್ತಾರಂತೆ. ಇವಳೊಬ್ಬಳು ತಿರುಗಿ ನಿಲ್ಲುತ್ತಾಳೆ.

ಸ್ವಲ್ಪ ಹೊತ್ತಿಗೆ ಅವಳ ಕರೆಯೂ ಬಂತು. "ಪಪ್ಪಾ, ನಮ್ಮ ವಾಲ್ ಇನ್ನೂ ಉಂಟಾ? ದೊಡ್ಡ ಫಿಶ್‌ನ ರೆಕ್ಕೆಯ ಅಡಿಯಲ್ಲಿ ಸಣ್ಣದೊಂದು ಇತ್ತಲ್ಲ? ಅದು ನಾನು ಅಂತ ನೀವು ಹೇಳ್ತಿದ್ರಿ. ಇಲ್ಲಿ ನಿಂತಾಗೆಲ್ಲ ಅದೇ ನೆನಪಾಗ್ತದೆ. ಇತ್ತಲ್ಲ ಪಪ್ಪಾ? ನಾನೇ ಇಮ್ಯಾಜಿನ್ ಮಾಡಿದ್ದಲ್ಲ ತಾನೆ?"

ಸಣ್ಣ ಮೀನು ನನಗೆ ನೆನಪಿರಲಿಲ್ಲ. ಹಾಗೆ ಹೇಳಿದ್ದೂ ನೆನಪಿರಲಿಲ್ಲ. "ನೋಡಿ ಹೇಳ್ತೇನೆ" ಎಂದೆ.

ಫೋನ್ ಇಡುವುದನ್ನೇ ಹೆಂಡತಿ ಕಾದಿದ್ದಳು. "ಉಂಟು ಅಂತ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಪಾಪದ ಹುಡುಗಿ, ಅಲ್ಲಿ ಅವಳಿಗೆ ಯಾರಿದ್ದಾರೆ?"

"ಇಲ್ಲದಿದ್ರೆ?"

"ಇಲ್ಲದಿದ್ರೆ ಇಲ್ಲ. ಅವಳೇನು ಟೇಪ್ ಹಿಡಿದು ಅಳೀಲಿಕ್ಕೆ ಬರ್ತಾಳಾ?"

ಹೇಳಿಬಿಡಬಹುದಿತ್ತು. ಆದರೆ ಇದೊಂದು ಸುಳ್ಳೆಂದು ಮುಂದೆ ಗೊತ್ತಾದರೆ, ಸಣ್ಣವಳಿದ್ದಾಗ ನಾನು ಹೇಳಿದ ಉಳಿದ ಮಾತುಗಳನ್ನೂ ಅವಳು ಅನುಮಾನಿಸಬೇಕಾಗುತ್ತದೆ. ಅನುಮಾನದ ಕೆಲಸಕ್ಕೆ ಮನೆಯಲ್ಲಿ ನಾನೊಬ್ಬ ಸಾಕು.

ಶುಕ್ರವಾರ ಬೆಳಿಗ್ಗೆ, ನಾವು ಈಗಿರುವ ಬೌಷರ್‌ನಿಂದ ಇಬ್ಬರೂ ಹೊರಟೆವು. ಗೋಡೆ ಇತ್ತು. ಮೇಲಿಂದ ಕೆಳಗಿನವರೆಗೆ ಕೆನೆಬಣ್ಣ ಬಳಿದಿದ್ದರು. ದೋಣಿಯೂ ಇತ್ತು. ಮೀನಿನ ಮೂತಿಗೆ ಅಡ್ಡವಾಗಿ ಯಾರೋ ಏಸಿಯ ಪೆಟ್ಟಿಗೆ ಕೂರಿಸಿದ್ದರು. ರೆಕ್ಕೆಯ ಕೆಳಗೆ ಕೈಯಾಡಿಸಿದೆ. ಬರೀ ಅಲೆಗಳು. ಮತ್ತೊಮ್ಮೆ ಆಡಿಸಿದೆ, ಬಣ್ಣದ ಪುಡಿ ಬೆರಳಿಗೆ ಹತ್ತಿತು. ಹೆಂಡತಿ ಈ ಸಲ ಅಂಜಲ್ ಎನ್ನಲಿಲ್ಲ. ಮಗಳಿಗೆ ಏನೆಂದು ತಿಳಿಸುವುದು ಎಂದು ನಾನು ಫೋನ್ ಕೈಯಲ್ಲಿ ಹಿಡಿದು ನಿಂತಿದ್ದಾಗ ಹೆಂಡತಿ ಪೆಟ್ಟಿಗೆಯ ಆಚೆ ಬದಿಗೆ ಹೋಗಿ ಬಗ್ಗಿದಳು.

"ಇಲ್ಲಿ ಬನ್ನಿ ಮಾರಾಯ್ರೆ."

ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಫೋನ್ ತೂರಿಸಿ ಚಿತ್ರ ತೆಗೆದು ಕಳಿಸಿದೆವು. ಮಗಳ ನೆನಪೂ ಪೂರ್ತಿ ಸರಿಯಿರಲಿಲ್ಲ, ನನ್ನದಂತೂ ಇರಲೇ ಇಲ್ಲ. ನೋಡಿ ಖಚಿತಪಡಿಸಿಕೊಂಡದ್ದು ಇಷ್ಟು: ಸಣ್ಣ ಮೀನು ಇದೆ. ರೆಕ್ಕೆಯ ಅಡಿಯಲ್ಲಲ್ಲ, ದೊಡ್ಡದರ ಮೂತಿಗಿಂತ ಒಂದು ಗೇಣು ಮುಂದೆ.