ಯಾರ ಕೆಲಸವೂ ಅಲ್ಲದ ಲಾಡಿ

ಹೋದ ವರ್ಷ ಕ್ರಿಸ್‌ಮಸ್ ರಜೆ ಶುರುವಾಗುವ ಮುಂಚಿನ ವಾರ ನಡೆದ ಸಂಗತಿ ಇದು. ನೆನೆಸಿಕೊಂಡರೆ ಈಗಲೂ ಮೊದಲು ಎದೆ ಡವಡವ ಅನ್ನುತ್ತದೆ, ಆಮೇಲೆ ನಗು ಬರುತ್ತದೆ.

ನಾನು ಆಂಧ್ರದ ಗಡಿಯ ರಾಯದುರ್ಗದವಳು. ಜೀನ್ಸ್ ಹೊಲಿಯುವುದು ನಮ್ಮ ಕಸುಬು. ಹಾಗೆಂದರೆ ಹೊರಗಿನವರು ಇಡೀ ಪ್ಯಾಂಟನ್ನು ನಾನೊಬ್ಬಳೇ ಹೊಲಿಯುತ್ತೇನೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಕತ್ತರಿಸಿದ ಬಟ್ಟೆ ಕಟ್ಟು ಕಟ್ಟಾಗಿ ನಮ್ಮ ಶೆಡ್ಡಿಗೆ ಬರುತ್ತದೆ. ಪಾರ್ವತಿ ಜೇಬು ಕೂರಿಸುತ್ತಾಳೆ, ಈರಮ್ಮ ಕಾಲು ಜೋಡಿಸುತ್ತಾಳೆ, ನಾನು ಸೊಂಟಕ್ಕೆ ಪಟ್ಟಿ ಹಚ್ಚುತ್ತೇನೆ, ಗಂಗಕ್ಕ ಬೆಲ್ಟ್ ತೂರಿಸುವ ಲೂಪು ಹೊಡೆಯುತ್ತಾಳೆ. ತನ್ನ ಪಾಲಿನದು ಮುಗಿದ ಕೂಡಲೇ ಪಕ್ಕದವಳ ಕಡೆ ಎಸೆದು ಇನ್ನೊಂದಕ್ಕೆ ಕೈ ಹಾಕುವುದು. ಪಕ್ಕದವಳು ಏನು ಮಾಡಿದಳು ಅಂತ ನೋಡುತ್ತಾ ಕೂತರೆ ಕೆಲಸ ಸಾಗುವುದಿಲ್ಲ.

ನನ್ನ ಮಗಳು ಭಾಗ್ಯ ಆಗ ಹತ್ತನೆಯ ಕ್ಲಾಸು. ಓದುತ್ತಿದ್ದುದು ಬಿಳಿ ದೊರೆಗಳ ಕಾಲದ ಮಿಷನ್ ಸ್ಕೂಲಿನಲ್ಲಿ. ನಾನೂ ಅಲ್ಲಿಯೇ ಓದಿದವಳು. ಶುಕ್ರವಾರ ಕೊನೆಯ ಪಿರಿಯಡ್ಡು ಸಂಘಗಳಿಗೆ ಅಂತ ದೊರೆಗಳು ಮಾಡಿದ ಪದ್ಧತಿ ಅಲ್ಲಿ ಇವತ್ತಿಗೂ ಇದೆ. ನಮ್ಮ ಕಾಲದಲ್ಲಿ ಹುಡುಗರಿಗೆ ಆಟದ ಸಂಘ, ಹುಡುಗಿಯರಿಗೆ ಹೊಲಿಗೆ ಸಂಘ. ಗಂಡುಹುಡುಗರು ಮೈದಾನದಲ್ಲಿ ಓಡುವಾಗ ನಾನು ಕಿಟಕಿಯ ಪಕ್ಕ ಕೂತು ಕರವಸ್ತ್ರದ ಅಂಚಿಗೆ ಹೂವು ಹಾಕುತ್ತಿದ್ದೆ. ಓಡುವುದರಲ್ಲಿ ನಾನು ಅವರಿಗೆ ಕಡಿಮೆ ಇರಲಿಲ್ಲ. ಆದರೆ ಕೇಳಿದವರು ಯಾರು?

ಈಚೆಗೆ ಆಟದ ಸಂಘಕ್ಕೆ ಹುಡುಗಿಯರನ್ನೂ ಸೇರಿಸಿಕೊಳ್ಳತೊಡಗಿದರು. ಭಾಗ್ಯ ಮೊದಲ ದಿನವೇ ಹೋಗಿ ಸೇರಿದಳು. ಸ್ಕೂಲಿನ ವರಾಂಡದಲ್ಲಿ ಒಂದು ದೊಡ್ಡ ಮರದ ಹಲಗೆಯಿದೆ. ಹೊರಗಿನ ಸ್ಕೂಲಿನ ಮೇಲೆ ಶೀಲ್ಡ್ ಗೆದ್ದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಾರೆ. ಪಕ್ಕದಲ್ಲಿ ಗೆದ್ದವರ ಫೋಟೋಗಳು. ದೊರೆಗಳ ಕಾಲದ ಹುಡುಗರು ಕಚ್ಚೆ ಕಟ್ಟಿ, ಎದೆಯ ಮೇಲೆ ಕೈ ಕಟ್ಟಿ, ನಗದೆ ನಿಂತಿರುತ್ತಾರೆ. ಅಷ್ಟು ಹೆಸರುಗಳಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ.

"ಅಮ್ಮಾ, ಈ ಸಲ ಆಗ್ಲಿಲ್ಲಂದ್ರ ನನ್ನ ಹೆಸ್ರು ಆ ಹಲಗಿ ಮ್ಯಾಲ ಬರಂಗಿಲ್ಲ. ಹತ್ತನೇದು ಮುಗೀತಂದ್ರ ಮುಗೀತು" ಅಂತ ಅವಳು ದಿನಾ ಅನ್ನುತ್ತಿದ್ದಳು. ರಿಲೇಯಲ್ಲಿ ಕೊನೆಯ ಓಟ ಅವಳದು. ಎದುರಾಳಿಗಳು ಮಡಕಶಿರದ ಹುಡುಗಿಯರು. ಹಿಂದಿನ ವರ್ಷ ಶೀಲ್ಡನ್ನು ಅವರೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿದ್ದರು.

ಈ ನಡುವೆ ಹೊಸ ನಿಯಮ ಬಂತು. ಚೂಡಿದಾರದಲ್ಲಿ ಓಡುವಂತಿಲ್ಲ. ಒಂದು ತಂಡದ ನಾಲ್ವರೂ ಒಂದೇ ತರದ ಓಟದ ಪ್ಯಾಂಟು ಹಾಕಬೇಕು. ಆಟ ಕಲಿಸುವ ಪಿ.ಇ.ಟಿ. ಸಾರು ಅಂಗಡಿಯಿಂದ ತರಿಸುವ ಮಾತೆತ್ತಿದಾಗ ನನಗೆ ರೇಗಿತು. "ಏನ್ ಸಾರ್, ಊರೂರಿಗೆ ಪ್ಯಾಂಟು ಹೊಲ್ದು ಕಳಸೋರು ನಾವು. ನಮ್ಮ ಮಕ್ಕಳಿಗೆ ಅಂಗಡಿ ಪ್ಯಾಂಟಾ? ಬಟ್ಟಿ ಕೊಡ್ರಿ, ನಾವು ಹೊಲೀತೀವಿ" ಅಂದುಬಿಟ್ಟೆ.

ಬಟ್ಟೆ ಬಂತು. ನೇರಳೆ ಬಣ್ಣದ ಜಾರುವ ಬಟ್ಟೆ. ಆದರೆ ಶೆಡ್ಡಿನಲ್ಲಿ ಅರ್ಜೆಂಟ್ ಮಾಲು ಇದ್ದುದರಿಂದ ನಮಗೆ ಪುರುಸೊತ್ತು ಸಿಕ್ಕಿದ್ದು ಓಟದ ದಿನದ ಬೆಳಿಗ್ಗೆಯೇ. ಎಂದಿನಂತೆ ಸಾಲಾಗಿ ಕೂತೆವು. ಪಾರ್ವತಿಯಿಂದ ಈರಮ್ಮನಿಗೆ, ಈರಮ್ಮನಿಂದ ನನಗೆ, ನನ್ನಿಂದ ಗಂಗಕ್ಕನಿಗೆ ಪ್ಯಾಂಟುಗಳು ಓಡಿದವು. ಭಾಗ್ಯ ಬಂದು, "ಒಂದ್ಸಲ ಹಾಕ್ಕಂಡು ನೋಡ್ಲೇನಮ್ಮಾ?" ಅಂದಳು. "ನಾವು ಹೊಲ್ದಿದ್ದಕ್ಕ ಟ್ರಯಲ್ ಬ್ಯಾರೆ ಬೇಕಾ? ನಡಿ ನಡಿ, ಮೈದಾನದಾಗ ಕೊಡ್ತೀನಿ" ಅಂತ ಓಡಿಸಿದೆ. ಆ ಮಾತಿಗೆ ಆಮೇಲೆ ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿದ್ದೇನೋ.

ಮೈದಾನ ಕಿಕ್ಕಿರಿದಿತ್ತು. ನಾವು ನಾಲ್ವರೂ ಕೆಲಸದಿಂದ ಎದ್ದು ಬಂದ ಹಾಗೆಯೇ ಕೊರಳಲ್ಲಿ ಅಳತೆ ಟೇಪು ಜೋತು ಬಿಟ್ಟುಕೊಂಡು ಹೋಗಿದ್ದೆವು. ಅದು ನಮಗೆ ತಾಳಿಯ ಹಾಗೆ, ಕೊರಳಲ್ಲಿ ಇರುವುದೇ ಮರೆತುಹೋಗಿರುತ್ತದೆ. ಹುಡುಗಿಯರು ಪ್ಯಾಂಟು ತೆಗೆದುಕೊಂಡು ಬದಲಾಯಿಸಲು ಕ್ಲಾಸ್ ರೂಮಿಗೆ ಓಡಿದರು. ಮೈಕಿನಲ್ಲಿ ತೆಲುಗಿನಲ್ಲಿ ಹುಡುಗಿಯರ ರಿಲೇಗೆ ಕೊನೆಯ ಕರೆ ಕೂಗುತ್ತಿದ್ದರು.

ಆಗ ರೂಮಿನ ಬಾಗಿಲಲ್ಲಿ ಭಾಗ್ಯಳ ಮುಖ ಕಂಡಿತು. ಬಿಳಿಚಿಕೊಂಡಿತ್ತು. "ಅಮ್ಮಾ, ಲಗೂನ ಒಳಗ ಬಾ!"

ಒಳಗೆ ಹೋದರೆ ನಾಲ್ವರೂ ಹುಡುಗಿಯರು ಎರಡೂ ಕೈಯಿಂದ ಪ್ಯಾಂಟು ಹಿಡಿದು ನಿಂತಿದ್ದಾರೆ. "ಕೈ ಬಿಟ್ರ ನಿಲ್ಲವಲ್ದಮ್ಮ" ಅಂದಳು ಭಾಗ್ಯ. ಸೊಂಟದ ಪಟ್ಟಿ ನೋಡಿದೆ. ಎಲಾಸ್ಟಿಕ್ ಇಲ್ಲ, ಲಾಡಿ ಇಲ್ಲ. ಜೀನ್ಸಿಗೆ ಲಾಡಿ ಎಲ್ಲಿಂದ ಬರಬೇಕು? ನಮ್ಮ ಸಾಲಿನಲ್ಲಿ ಅದು ಯಾರ ಕೆಲಸವೂ ಅಲ್ಲ. ನಾನು ಅಭ್ಯಾಸದಂತೆ ಪಟ್ಟಿ ಹಚ್ಚಿ, ಎರಡು ಸಾಲು ಹೊಲಿಗೆ ಹಾಕಿ, ಗಾಳಿಯೂ ಹೋಗದ ಹಾಗೆ ಮುಚ್ಚಿಬಿಟ್ಟಿದ್ದೆ. ಈಗ ಲಾಡಿ ಸಿಕ್ಕರೂ ತೂರಿಸಲು ಜಾಗವಿಲ್ಲ.

"ಲಾಡಿ ಯಾಕ ಹಾಕ್ಲಿಲ್ಲ ನೀನು?" ಅಂತ ಈರಮ್ಮ ನನ್ನ ಮೇಲೆ ಎಗರಿದಳು.

"ನನ್ನ ಕೆಲ್ಸ ಪಟ್ಟಿ ಹಚ್ಚೋದು. ಗಂಗಕ್ಕನ ಕೈಗೆ ಕೊಟ್ಟೀನಿ, ಆಕಿ ನೋಡಬೇಕಿತ್ತು!"

"ನಾನು ನನ್ನ ಲೂಪು ಹಾಕೀನಲ್ಲವ್ವಾ, ಬೇಕಾದ್ರ ನೋಡು!" ಅಂದಳು ಗಂಗಕ್ಕ.

ನೋಡಿದೆ. ಓಟದ ಪ್ಯಾಂಟಿಗೆ ಸುತ್ತಲೂ ಜೀನ್ಸಿನ ಲೂಪುಗಳು! ಕೈ ರೂಢಿ, ಹೊಡೆದುಬಿಟ್ಟಿದ್ದಾಳೆ. ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಭಾಗ್ಯ ಅಳುವುದಕ್ಕೆ ಶುರು ಮಾಡಿದ್ದಳು. "ಹೆಸ್ರು ಹೋತು ಬಿಡಮ್ಮ" ಅಂದಳು. ಹೊಲಿಗೆ ಸಂಘ ನನ್ನನ್ನು ಓಡಲು ಬಿಡಲಿಲ್ಲ, ಈಗ ನನ್ನ ಹೊಲಿಗೆ ಮಗಳನ್ನೂ ಓಡಲು ಬಿಡುವುದಿಲ್ಲವೇ?

ಗಂಗಕ್ಕ ಕೊರಳಿಂದ ಟೇಪು ಎಳೆದವಳೇ ಭಾಗ್ಯಳ ಲೂಪುಗಳಲ್ಲಿ ಸರಸರ ತೂರಿಸಿ, ಸೊಂಟಕ್ಕೆ ಬಿಗಿದು, ಗಂಟಿನ ಮೇಲೆ ಗಂಟು ಹಾಕಿದಳು. "ನಿಂತೈತಿ! ನಿಮ್ಮವೂ ತೆಗೀರಿ, ಏನ್ ನೋಡಾಕತ್ತೀರಿ?" ಅಂದಳು. ನಮ್ಮ ನಾಲ್ವರ ಕೊರಳಿನ ಟೇಪುಗಳು ನಾಲ್ಕು ಹುಡುಗಿಯರ ಸೊಂಟಕ್ಕೆ ಬಂದವು.

ಮೈದಾನಕ್ಕೆ ಓಡಿದರೆ ರೆಫ್ರಿ ತಡೆದರು. "ಏನ್ರಿ ಇದು? ಟೇಪು ಕಟ್ಕೊಂಡು ಓಡ್ತಾರೇನ್ರಿ? ಯೂನಿಫಾರಂ ಅಲ್ಲ ಇದು, ನಡೆಯೋದಿಲ್ಲ" ಅಂದರು. ಪಿ.ಇ.ಟಿ. ಸಾರು ಕೈ ಮುಗಿದರೂ ಅವರು ಒಪ್ಪಲಿಲ್ಲ. ಭಾಗ್ಯ ನನ್ನ ಮುಖ ನೋಡಿದಳು.

ಆಗ ಮಡಕಶಿರ ತಂಡದ ಪಿ.ಇ.ಟಿ. ಮೇಡಂ ಮುಂದೆ ಬಂದರು. ಹುಡುಗಿಯರ ಸೊಂಟವನ್ನು ಒಂದೊಂದಾಗಿ ನೋಡಿದರು. ತುಟಿ ಬಿಗಿ ಹಿಡಿದು ನಗು ತಡೆಯುತ್ತಿದ್ದರು. "ಓಡ್ಲಿ ಬಿಡಿ ಸಾರ್. ನಾಲ್ಕೂ ಜನದ್ದು ಒಂದೇ ತರ ಐತಲ್ಲ? ಯೂನಿಫಾರಂ ಅಂದ್ರೆ ಅಷ್ಟೇ ತಾನೆ? ಇವರಿಲ್ದೆ ನಾವೊಬ್ರೇ ಓಡಿ ಗೆದ್ರೆ ಅದೊಂದು ಗೆಲುವಾ?" ಅಂದರು. ಗೆಲ್ಲಬೇಕಾದವರೇ ಹೀಗೆ ಹೇಳಿದ ಮೇಲೆ ರೆಫ್ರಿ ಸುಮ್ಮನೆ ಪಕ್ಕಕ್ಕೆ ಸರಿದರು.

ಪಿಸ್ತೂಲು ಸಿಡಿಯಿತು. ಮೊದಲ ಹುಡುಗಿ ಸಮಸಮ ಓಡಿದಳು. ಎರಡನೆಯವಳು ಕೋಲು ಹಿಡಿಯುವಾಗ ತಡವರಿಸಿ ಹಿಂದೆ ಬಿದ್ದಳು. ಮೂರನೆಯವಳು ಸ್ವಲ್ಪ ಹತ್ತಿರ ತಂದಳು. ಭಾಗ್ಯಳ ಕೈಗೆ ಕೋಲು ಬಂದಾಗ ಮಡಕಶಿರದ ಹುಡುಗಿ ಇನ್ನೂ ಮುಂದಿದ್ದಳು. "ಓಡೇ, ಓಡೇ!" ಅಂತ ನಾನು ಚೀರುತ್ತಾ ಹಗ್ಗದ ಈಚೆ ಅವಳ ಜೊತೆಗೇ ಓಡತೊಡಗಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಯಾರು ನೋಡಿದರೂ ನನಗೇನು?

ಅರ್ಧ ದಾರಿಯಲ್ಲಿ ಟೇಪಿನ ಗಂಟು ಜಾರಿತು. ನುಣ್ಣನೆಯ ಟೇಪಿಗೆ ಗಂಟು ಎಲ್ಲಿ ನಿಲ್ಲುತ್ತದೆ? ತುದಿಯ ತಗಡು ಅವಳ ತೊಡೆಗೆ ಪಟಪಟ ಬಡಿಯುತ್ತಿತ್ತು. ಮುಗಿಯಿತು ಅಂದುಕೊಂಡೆ. ಅವಳು ನಿಲ್ಲಲಿಲ್ಲ. ಎಡಗೈಯಲ್ಲಿ ಸೊಂಟ ಗಟ್ಟಿಯಾಗಿ ಹಿಡಿದಳು, ಬಲಗೈಯಲ್ಲಿ ಕೋಲು ಬೀಸಿದಳು, ಹಲ್ಲು ಕಚ್ಚಿ ನುಗ್ಗಿದಳು. ಒಂದೇ ಕೈ ಬೀಸಿಕೊಂಡು ಅಷ್ಟು ಜೋರಾಗಿ ಓಡಬಹುದು ಅಂತ ನನಗೆ ಗೊತ್ತಿರಲಿಲ್ಲ. ರಿಬ್ಬನ್ನಿಗೆ ಎದೆ ತಾಗಿಸಿದ್ದು ಯಾರು ಅಂತ ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ನಮ್ಮ ಸ್ಕೂಲಿನ ಕಡೆಯಿಂದ ಎದ್ದ ಗದ್ದಲ ನಮ್ಮೂರ ದುರ್ಗದ ಬೆಟ್ಟಕ್ಕೆ ಕೇಳಿಸಿರಬೇಕು. ನಾನು ಗಂಗಕ್ಕನನ್ನು ತಬ್ಬಿಕೊಂಡು ಗಳಗಳ ಅತ್ತೆ.

ಗೆದ್ದವರು ಕೈ ಮೇಲೆತ್ತಿ ಕುಣಿಯುತ್ತಾರೆ. ನಮ್ಮವಳು ಕೋಲು ಎಸೆದವಳೇ ಎರಡೂ ಕೈ ಸೊಂಟಕ್ಕೆ ಒತ್ತಿಕೊಂಡಳು. ಫೋಟೋ ತೆಗೆಯುವವರು ನಾಲ್ವರನ್ನೂ ಶೀಲ್ಡಿನ ಹಿಂದೆ ನಿಲ್ಲಿಸಿದರು. "ಹಳೇ ಫೋಟೋದಾಗ ಇದ್ದಂಗ ಎದಿ ಮ್ಯಾಲ ಕೈ ಕಟ್ರಿ" ಅಂದರು ಪಿ.ಇ.ಟಿ. ಸಾರು. ಎಲ್ಲರ ಟೇಪಿನ ಗಂಟೂ ಜಾರಿತ್ತು, ಒಬ್ಬಳೂ ಕಟ್ಟಲಿಲ್ಲ. "ಕೈ ತೆಗದ್ರ ಕೆಡ್ತೈತಿ ಸಾರ್" ಅಂತ ಭಾಗ್ಯ ಮೆಲ್ಲಗೆ ಅಂದಳು. ಹಾಗೆಯೇ ಫೋಟೋ ಆಯಿತು.

ಮಡಕಶಿರದ ಮೇಡಂ ಬಸ್ಸು ಹತ್ತುವ ಮುಂಚೆ ನನ್ನ ಹತ್ತಿರ ಬಂದರು. "ಬರೋ ವರ್ಷ ನಮ್ ಹುಡುಗೀರ್ಗೂ ನೀವೇ ಹೊಲ್ದು ಕೊಡಿ ಕಣಕ್ಕ. ಲಾಡಿ ಮಾತ್ರ ನಾವೇ ತತ್ತೀವಿ" ಅಂದು ನಕ್ಕರು. ನಾನೂ ನಗುತ್ತಾ ಅವರ ಕೈ ಹಿಡಿದುಕೊಂಡೆ.

ಹಲಗೆಯ ಮೇಲೆ ಈಗ ನಾಲ್ಕು ಹುಡುಗಿಯರ ಹೆಸರಿದೆ. ಬಣ್ಣ ಒಣಗುವ ಮೊದಲೇ ಹೋಗಿ ನೋಡಿದವಳು ನಾನು. ಪಕ್ಕದಲ್ಲಿ ಅವರ ಫೋಟೋ. ಕೈ ಕಟ್ಟಿ ನಿಂತ ಅಷ್ಟೂ ಗಂಡುಮಕ್ಕಳ ಕೊನೆಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತ ನಾಲ್ವರು. ಬಂದವರೆಲ್ಲ, "ಅಬ್ಬಾ, ಏನು ಗತ್ತು ಈ ಹುಡುಗೀರದು!" ಅನ್ನುತ್ತಾರೆ. ನಾನು ಬಾಯಿ ಬಿಡುವುದಿಲ್ಲ.

ಈ ವರ್ಷ ಹೊಸ ತಂಡಕ್ಕೂ ನಾವೇ ಹೊಲಿದೆವು. ಸೊಂಟಕ್ಕೆ ಎಲಾಸ್ಟಿಕ್ಕೂ ಹಾಕಿದೆ, ಲಾಡಿಯೂ ಹಾಕಿದೆ, ಗಂಗಕ್ಕನ ಲೂಪು ಬೇಡವೆಂದೆ. ಹುಡುಗಿಯರೇ ಬಿಡಲಿಲ್ಲ, ಬೇಕೇ ಬೇಕು ಅಂದರು. ಓಟಕ್ಕೆ ಮುಂಚೆ ಫೋಟೋಗೆ ನಿಂತಾಗ ನಾಲ್ವರೂ ಗಟ್ಟಿಯಾಗಿ ಕೂತಿದ್ದ ಪ್ಯಾಂಟಿನ ಮೇಲೆ ಕೈಯಿಟ್ಟು, ಸೊಂಟ ಹಿಡಿದು ನಿಂತರು.

"ಯಾಕವ್ವಾ ಹಂಗ ನಿಂತೀರಿ?" ಅಂತ ಕೇಳಿದೆ.

ಅವರಲ್ಲಿ ಚಿಕ್ಕವಳು ನನ್ನನ್ನು ಏನೂ ತಿಳಿಯದವಳ ಹಾಗೆ ನೋಡಿ ಹೇಳಿದಳು: "ನಮ್ಮ ಸಂಘದಾಗ ಹೆಣ್ಣುಮಕ್ಕಳು ಹಿಂಗ ನಿಲ್ಲೋದು ಆಂಟಿ. ಮೊದ್ಲಿಂದ್ಲೂ ಪದ್ಧತಿ ಐತಿ."